ಹಳಿ ಮೇಲೊಂದು ಬಸ್ಸು ಓಡಿದರೆ ತಪ್ಪೇನು?

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ನಮ್ಮ ಪಕ್ಕದ ಹೊಲದಾಕೆ ಸೇವಂತಿಗೆ ಗಿಡಗಳನ್ನೆಲ್ಲ ಕಿತ್ತು ಹಾಕಿದರು. ರೋಗ ಬಂದಿರಲಿಲ್ಲ. ಬೋರ್‌ನಲ್ಲಿ ನೀರಿತ್ತು. ಹತ್ತೇ ಗುಂಟೆ ಜಾಗ, ಗಂಡ ಹೆಂಡತಿ ಇಬ್ಬರೇ ಮಾಡ್ತಿದ್ದ ಬೆಳೆ. ಕಿತ್ತಿದ್ದು ಯಾಕೆ ಅಂತ ಕೇಳಿದೆ. "ಹೂವು ಬೆಳೀಬಹುದು, ಪೇಟೆಗೆ ಹೊರೋಕಾಗಲ್ಲ" ಅಂದರು.

ಬೆಳಗಿನ ಬಸ್ಸು ನಮ್ಮ ಊರಿಗೆ ಬರೋ ಹೊತ್ತಿಗೇ ತುಂಬಿರುತ್ತೆ. ಕಾಲೇಜಿನ ಮಕ್ಕಳು, ಗಾರ್ಮೆಂಟ್ಸ್‌ಗೆ ಹೋಗೋ ಹೆಣ್ಣುಮಕ್ಕಳು ಬಾಗಿಲಲ್ಲೇ ನೇತಾಡ್ತಿರ್ತಾರೆ. ಎರಡು ಬುಟ್ಟಿ ಹೂವು ಹಿಡ್ಕೊಂಡು ನಿಂತವರಿಗೆ ಅಲ್ಲಿ ಜಾಗ ಎಲ್ಲಿ? ಮುಂದಿನ ಬಸ್ಸಿಗೆ ಹೋದರೆ ಪೇಟೇಲಿ ಹರಾಜು ಮುಗಿದಿರುತ್ತೆ. ಲಗೇಜ್ ಆಟೋ ಮಾಡಿಸಿದರೆ ಹೂವಿನ ದುಡ್ಡೆಲ್ಲ ಆಟೋಗೇ ಸರಿ. ಒಂದು ಹಂಗಾಮು ನೋಡಿದರು, ಎರಡು ಹಂಗಾಮು ನೋಡಿದರು. ಮೂರನೇ ಹಂಗಾಮಿಗೆ ಗಿಡ ಕಿತ್ತು ಮುಸುಕಿನ ಜೋಳ ಹಾಕಿದರು. ಜೋಳ ಆದರೆ ವ್ಯಾಪಾರಿಯೇ ಲಾರಿ ತರ್ತಾನೆ, ಅವನು ಹೇಳಿದ ರೇಟು ಅಷ್ಟೆ.

ನನಗೆ ಹೊಟ್ಟೆ ಉರಿದದ್ದು ಇನ್ನೊಂದು ಕಾರಣಕ್ಕೆ. ಆ ಹೊಲದ ಬದುವಿನಿಂದ ನೋಡಿದರೆ ರೈಲು ಹಳಿ ಕಾಣುತ್ತೆ. ಬೆಂಗಳೂರಿಂದ ಹುಬ್ಬಳ್ಳಿಗೆ ಹೋಗೋ ದೊಡ್ಡ ಹಳಿ, ಜೋಡಿ ಹಳಿ. ದಿನಾ ಎಷ್ಟೋ ಗಾಡಿ ಧಡಧಡ ಓಡ್ತವೆ. ಆದರೆ ಎರಡು ಬುಟ್ಟಿ ಸೇವಂತಿಗೆಯನ್ನು ಇಪ್ಪತ್ತು ಕಿಲೋಮೀಟರ್ ಆಚೆ ಇಳಿಸೋ ಗಾಡಿ ಅದರಲ್ಲಿ ಒಂದೂ ಇಲ್ಲ.

ಈ ಲೇಖನ ಅದರ ಬಗ್ಗೆ. ನಮ್ಮ ಪತ್ರಿಕೇಲಿ ಗೊಬ್ಬರ, ಬೀಜ, ರೋಗ, ಧಾರಣೆ ಅಂತ ಬರೀತೀವಿ. ಬೆಳೆದದ್ದು ಪೇಟೆಗೆ ಹೋಗೋ ದಾರಿ ಬಗ್ಗೆ ಬರೆಯೋದು ಕಮ್ಮಿ. ರೈಲು ಅಂದರೆ ದೊಡ್ಡವರ ವಿಷಯ, ಎಂಪಿಗಳ ವಿಷಯ ಅಂದ್ಕೊಂಡುಬಿಟ್ಟಿದ್ದೀವಿ.

ಮೂರು ಊರು, ಒಂದು ಗಂಟು

ನಮ್ಮ ಸೀಮೆಯ ರೈಲುದಾರಿ ಒಂದು ಕವೆಗೋಲಿನ ಹಾಗಿದೆ. ಹಿಡಿಯ ಕಡೆ ಕಡೂರು. ಅಲ್ಲಿಂದ ಆರು ಕಿಲೋಮೀಟರ್‌ಗೆ ಬೀರೂರು, ಅದೇ ಗಂಟು. ಗಂಟಿನಿಂದ ಒಂದು ಕೊಂಬೆ ಅಜ್ಜಂಪುರ, ಶಿವನಿ, ಹೊಸದುರ್ಗ ರೋಡ್ ದಾಟಿ ಚಿಕ್ಕಜಾಜೂರಿಗೆ ಹೋಗುತ್ತೆ. ಇನ್ನೊಂದು ಕೊಂಬೆ ತರೀಕೆರೆ, ಭದ್ರಾವತಿ ಮೇಲೆ ಶಿವಮೊಗ್ಗಕ್ಕೆ, ಅಲ್ಲಿಂದ ಸಾಗರ, ತಾಳಗುಪ್ಪಕ್ಕೆ. 2013ರ ನವೆಂಬರ್‌ನಲ್ಲಿ ಕಡೂರಿಂದ ಸಖರಾಯಪಟ್ಟಣದ ಮೇಲೆ ಚಿಕ್ಕಮಗಳೂರಿಗೆ 46 ಕಿಲೋಮೀಟರ್ ಹೊಸ ಹಳಿಯೂ ಆಯಿತು. ಹಿರಿಯರು ತಲೆಮಾರುಗಟ್ಟಲೆ ಕೇಳಿದ ಹಳಿ ಅದು.

ಹಳೇ ಕಥೆಯೂ ಸಣ್ಣದಲ್ಲ. ಹರಿಹರದ ಕಡೆ ಹೋಗೋ ಹಳಿ 1880ರ ದಶಕದಲ್ಲೇ ಬಂದದ್ದು. ಬೀರೂರು–ಶಿವಮೊಗ್ಗ ಹಳಿ 1899ರದ್ದು. ತರೀಕೆರೆಯಿಂದ ಲಕ್ಕವಳ್ಳಿ ಕಡೆಯಿಂದ ನರಸಿಂಹರಾಜಪುರಕ್ಕೆ ಎರಡೇ ಅಡಿ ಅಗಲದ ಪುಟ್ಟ ಹಳಿ ಮೇಲೆ ಟ್ರಾಮು ಓಡ್ತಿತ್ತು, ಮೈಸೂರು ಸರ್ಕಾರದ ಕಾಲದಲ್ಲಿ. ನಮ್ಮ ತಂದೆಯವರ ತಲೆಮಾರಿನವರು ಅದರ ಕಥೆ ಹೇಳೋರು. ಕಾಡಿನ ಮರ ಸಾಗಿಸೋಕೆ ಹಾಕಿದ ಹಳಿ, ಅದರ ಜೊತೆಗೆ ಜನವೂ ಹೋಗಿ ಬರೋರು. ಆ ಕಾಲದವರು ಕೆಲಸಕ್ಕೆ ತಕ್ಕ ಹಳಿ, ಹಳಿಗೆ ತಕ್ಕ ಬಂಡಿ ಅಂತ ಯೋಚನೆ ಮಾಡಿದ್ದರು. ನಾವು ಈಗ ಒಂದೇ ಅಳತೆಯ ಅಂಗಿ ಎಲ್ಲರಿಗೂ ಹೊಲಿಸ್ತಾ ಇದ್ದೀವಿ.

ಅಜ್ಜಂಪುರ ಮೊನ್ನೆ ಮೊನ್ನೆವರೆಗೂ ತರೀಕೆರೆ ತಾಲ್ಲೂಕಿನಲ್ಲೇ ಇತ್ತು. ಎರಡೂ ಊರಿಗೆ ಸ್ಟೇಷನ್ ಇದೆ. ಆದರೆ ಅಜ್ಜಂಪುರದವನು ರೈಲಿನಲ್ಲಿ ತರೀಕೆರೆಗೆ ಹೋಗಬೇಕಾದರೆ ಬೀರೂರಲ್ಲಿ ಇಳಿದು ಗಾಡಿ ಬದಲಾಯಿಸಬೇಕು. ಬೀರೂರಲ್ಲಿ ಆ ಕಡೆ ಗಾಡಿಗೂ ಈ ಕಡೆ ಗಾಡಿಗೂ ಕೂಡಿಕೆ ಇಲ್ಲದಿದ್ದರೆ ಕಾಯೋ ಹೊತ್ತಿನಲ್ಲಿ ನಡೆದೇ ಹೋಗಬಹುದಿತ್ತು ಅನಿಸುತ್ತೆ. ಹೀಗಾಗಿ ಹಳಿ ಇದ್ದೂ ಯಾರೂ ಅದನ್ನು ಲೆಕ್ಕಕ್ಕೆ ಹಿಡಿಯೋದೇ ಇಲ್ಲ.

ಹಳಿ ಬಸ್ಸು ಅಂದರೆ ಏನು?

1990ರ ದಶಕದಲ್ಲಿ ನಮ್ಮ ದೇಶದಲ್ಲಿ ರೈಲ್‌ಬಸ್ ಅಂತ ಬಂತು. ಹೆಸರೇ ಹೇಳುವ ಹಾಗೆ ಹಳಿ ಮೇಲೆ ಓಡೋ ಬಸ್ಸು. ಬೇರೆ ಎಂಜಿನ್ ಇಲ್ಲ, ಹಿಂದೆ ಡಬ್ಬಿಗಳ ಸಾಲಿಲ್ಲ. ಒಂದೇ ಡಬ್ಬಿ, ಅದರ ಹೊಟ್ಟೆಯಡಿ ಲಾರಿಗೆ ಹಾಕುವಂಥ ಡೀಸೆಲ್ ಎಂಜಿನ್, ಕೆಳಗೆ ಎರಡೇ ಜೊತೆ ಗಾಲಿ, ಎರಡು ತುದಿಗೂ ಡ್ರೈವರ್ ಕೂರೋ ಜಾಗ. ಹೋದ ಊರಲ್ಲಿ ಎಂಜಿನ್ ತಿರುಗಿಸಿ ಕಟ್ಟೋ ಕೆಲಸ ಇಲ್ಲ; ಡ್ರೈವರ್ ಈ ತುದಿಯಿಂದ ಆ ತುದಿಗೆ ನಡೆದರೆ ವಾಪಸ್ ಹೊರಡೋಕೆ ರೆಡಿ.

ನಮ್ಮ ಬೆಂಗಳೂರಿನ ಬಿಇಎಂಎಲ್ ಕಾರ್ಖಾನೆಯೇ ಇದನ್ನು ಮಾಡಿ ಕೊಟ್ಟಿತ್ತು. ಕರ್ನಾಟಕದಲ್ಲಿ ಎರಡು ಕಡೆ ಓಡಿತು. ಬಂಗಾರಪೇಟೆಯಿಂದ ಕೋಲಾರಕ್ಕೆ ಒಂದು, ಮೀಟರ್‌ಗೇಜ್ ಇದ್ದ ಕಾಲದ ಶಿವಮೊಗ್ಗ–ತಾಳಗುಪ್ಪ ಹಳಿ ಮೇಲೆ ಇನ್ನೊಂದು. ಉತ್ತರದಲ್ಲಿ ಮಥುರಾದಿಂದ ವೃಂದಾವನಕ್ಕೂ ಓಡ್ತಿತ್ತು.

ತಾಳಗುಪ್ಪದ ಹಳಿ ಬಸ್ಸಲ್ಲಿ ನಾನೂ ಒಂದೆರಡು ಸಲ ಕೂತಿದ್ದೆ. ಸಾಗರದ ಕಡೆ ನಮ್ಮ ನೆಂಟರ ತೋಟದಿಂದ ಅಡಿಕೆ ಗೋಟು ತರೋಕೆ ಹೋಗಿದ್ದು. ಕುಂಸಿ, ಅರಸಾಳು, ಆನಂದಪುರ ಅಂತ ಕಾಡಿನ ನಡುವೆ ಹೋಗುತ್ತೆ. ಆ ಅರಸಾಳು ಸ್ಟೇಷನ್ನೇ ಟೀವಿಯ ಮಾಲ್ಗುಡಿಯಲ್ಲಿ ಬಂದದ್ದು. ಸುಖದ ಪ್ರಯಾಣ ಅಂತ ಹೇಳಲಾರೆ. ಹಳಿಯ ಒಂದೊಂದು ಸಂದು ಬಂದಾಗಲೂ ಬೆನ್ನಿಗೆ ಗುದ್ದಿದ ಹಾಗಾಗೋದು, ಎಂಜಿನ್ ಸದ್ದಿಗೆ ಪಕ್ಕದವರ ಮಾತು ಕೇಳಿಸ್ತಿರಲಿಲ್ಲ. ಆದರೆ ಒಳಗೆ ಯಾರಿದ್ದರು ನೋಡಿ: ಹಾಲಿನ ಕ್ಯಾನಿನವರು, ಬಾಳೆಲೆ ಕಟ್ಟಿನವರು, ಮಗೂನ ಆಸ್ಪತ್ರೆಗೆ ಕರ್ಕೊಂಡು ಹೊರಟ ತಾಯಿ, ಹಲಸಿನಹಣ್ಣು ಕಾಲ ಸಂದೀಲಿ ಇಟ್ಕೊಂಡ ಒಬ್ಬ ಅಜ್ಜ. ಎಲ್ಲರೂ ಹತ್ತಿಪ್ಪತ್ತು ಕಿಲೋಮೀಟರ್ ಜನ. ದೂರದ ರೈಲು ಇವರನ್ನು ಹತ್ತಿಸಿಕೊಳ್ಳೋದಿಲ್ಲ, ಇವರಿಗೂ ಆ ರೈಲು ಬೇಕಿಲ್ಲ.

2011ರಲ್ಲಿ ತಾಳಗುಪ್ಪದವರೆಗೆ ಬ್ರಾಡ್‌ಗೇಜ್ ಮುಗಿಯಿತು. ಬೆಂಗಳೂರು, ಮೈಸೂರಿಗೆ ನೇರ ಗಾಡಿ ಬಂತು. ಅದು ಒಳ್ಳೇದೇ, ಬೇಡ ಅನ್ನೋಕಾಗಲ್ಲ. 2013ರಲ್ಲಿ ಕೋಲಾರದಿಂದ ಚಿಕ್ಕಬಳ್ಳಾಪುರಕ್ಕೂ ದೊಡ್ಡ ಹಳಿ ಕೂಡಿತು. ಆಮೇಲೆ ಅಲ್ಲಿಯೂ ಉದ್ದದ ಗಾಡಿಗಳ ಕಾಲ. ಪುಟ್ಟ ಬಂಡಿ ಮೂಲೆ ಸೇರಿತು. ಹಳಿ ಅಗಲ ಆದ ಹಾಗೆಲ್ಲ ಗಾಡಿ ದೊಡ್ಡದಾಗಬೇಕು, ನಿಲ್ಲೋದು ಕಮ್ಮಿಯಾಗಬೇಕು ಅಂತ ಯಾರು ಹೇಳಿದ್ದು? ಅಗಲ ಹಳಿ ಮೇಲೂ ಸಣ್ಣ ಬಂಡಿ ಓಡುತ್ತೆ. ಬಂಗಾರಪೇಟೆ–ಕೋಲಾರದ್ದು ಬ್ರಾಡ್‌ಗೇಜ್ ಮೇಲೇ ಓಡಿದ್ದು.

ಹೊರದೇಶದವರು ಏನು ಮಾಡಿದರು?

ಎರಡನೇ ಮಹಾಯುದ್ಧ ಮುಗಿದ ಮೇಲೆ ಜರ್ಮನಿಯ ಹಳ್ಳಿಗಾಡಿನ ಕವಲು ದಾರಿಗಳಿಗೂ ನಮ್ಮದೇ ಪರಿಸ್ಥಿತಿ. ಉಗಿಬಂಡಿ ಓಡಿಸಿದರೆ ಕಲ್ಲಿದ್ದಲಿನ ದುಡ್ಡೂ ಹುಟ್ಟಲ್ಲ, ಮುಚ್ಚಿದರೆ ಹಳ್ಳಿಯವರಿಗೆ ದಾರಿಯಿಲ್ಲ. 1950ರಿಂದ ಅವರು ಬಸ್ಸಿನ ಎಂಜಿನ್ ಹಾಕಿದ ಹಗುರ ಹಳಿಬಂಡಿ ಬಿಟ್ಟರು. ನೂರಾರು ಬಂಡಿ ಓಡಿದವು. ಕವಲು ದಾರಿಗಳನ್ನು ಕಾಪಾಡಿದ ಬಂಡಿ ಅಂತಲೇ ಅದಕ್ಕೆ ಹೆಸರು ಬಂತು.

ಆಗಿನ ಜೆಕೊಸ್ಲೊವಾಕಿಯಾದಲ್ಲಿ 1970ರ ದಶಕದಿಂದ ಇಂಥದ್ದೇ ಆರುನೂರಕ್ಕೂ ಹೆಚ್ಚು ಬಂಡಿ ಕಟ್ಟಿದರು. ಖಾಲಿ ತೂಕ 20 ಟನ್, ಸೀಟು 55, ವೇಗ ಗಂಟೆಗೆ 80 ಕಿಲೋಮೀಟರ್. ಜನ ಹೆಚ್ಚಾದ ದಿನ ಹಿಂದೆ ಇನ್ನೊಂದು ಡಬ್ಬಿ ಸಿಕ್ಕಿಸೋದು. ಹಳೇದಾದಾಗ ಎಸೆಯದೆ ಎಷ್ಟೋ ಬಂಡಿಗಳನ್ನು ಹೊಸ ಎಂಜಿನ್, ತಗ್ಗು ಮೆಟ್ಟಿಲು ಹಾಕಿ ಮತ್ತೆ ಓಡಿಸಿದರು.

ಕೆಟ್ಟ ಪಾಠವೂ ಇದೆ, ಮುಚ್ಚಿಡಬಾರದು. ಇಂಗ್ಲೆಂಡಿನವರು 1980ರ ದಶಕದಲ್ಲಿ ಬಸ್ಸಿನ ಮೈಯನ್ನು ಎರಡು ಜೊತೆ ಗಾಲಿಯ ಚಾಸಿ ಮೇಲೆ ಕೂರಿಸಿ ಪೇಸರ್ ಅಂತ ಹೆಸರಿಟ್ಟರು. ಆಗಿನ ಕೊರತೆ ನೀಗಲಿ ಅಂತ ಅಗ್ಗದಲ್ಲಿ ಮಾಡಿದ್ದು. ಅದನ್ನೇ ಸುಮಾರು 35 ವರ್ಷ ಎಳೆದರು, 2021ರವರೆಗೆ. ತಿರುವಲ್ಲಿ ಕಿರುಚೋದು, ಮೈ ಕುಲುಕೋದು. ಜನ ಬೈದು ಬೈದು ಸಾಕಾದರು. ಆದರೂ ಆ ಬಂಡಿ ಇದ್ದದ್ದರಿಂದಲೇ ಕೆಲವು ದಾರಿ ಮುಚ್ಚದೆ ಉಳಿದವು ಅನ್ನೋರೂ ಇದ್ದಾರೆ. ನಮಗೆ ಪಾಠ ಇಷ್ಟು: ಹಗುರ ಅಂದರೆ ಕಳಪೆ ಆಗಬೇಕಿಲ್ಲ.

ನಮಗೆ ಇದನ್ನು ಅರ್ಥ ಮಾಡಿಕೊಳ್ಳೋಕೆ ಜರ್ಮನಿವರೆಗೆ ಹೋಗಲೂ ಬೇಡ. ಅಜ್ಜಂಪುರದಲ್ಲಿ ಅಮೃತಮಹಲ್ ತಳಿ ಸಂವರ್ಧನ ಕೇಂದ್ರ ಇದೆ. ಆ ಎತ್ತು ನೋಡಿದವರಿಗೆ ಗೊತ್ತು, ಮೈಯಲ್ಲಿ ಬೊಜ್ಜಿಲ್ಲ, ಓಟ ಮಾತ್ರ ಜೋರು. ಹೈದರ್, ಟಿಪ್ಪು ಕಾಲದಲ್ಲಿ ಸೈನ್ಯದ ಸಾಮಾನು ಹೊತ್ತು ಓಡಿದ ತಳಿ. ಹಗುರ ಮೈಯ ಬೆಲೆ ಏನು ಅಂತ ನಮ್ಮ ಹಿರಿಯರಿಗೆ ತಿಳಿದಿತ್ತು.

ತೂಕದ ಲೆಕ್ಕ

ಈಗ ಸ್ವಲ್ಪ ಲೆಕ್ಕ ಮಾಡೋಣ. ಪೆನ್ನು ಕಾಗದ ಇದ್ದರೆ ನೀವೂ ಮಾಡಿ ನೋಡಿ.

ಒಂದು ಟನ್ ಭಾರವನ್ನು ಸಮತಟ್ಟಾದ ಹಳಿ ಮೇಲೆ ನಿಧಾನಕ್ಕೆ ಉರುಳಿಸೋಕೆ ಎರಡು-ಮೂರು ಕಿಲೋ ಎಳೆತ ಸಾಕು. ಕಬ್ಬಿಣದ ಗಾಲಿ ಕಬ್ಬಿಣದ ಮೇಲೆ ಉರುಳೋದಲ್ವಾ. ಅದೇ ಭಾರ ರಬ್ಬರ್ ಟಯರಿನ ಮೇಲೆ ಟಾರು ರಸ್ತೇಲಿ ಹೋಗೋಕೆ ಹತ್ತು ಕಿಲೋ ಆಸುಪಾಸು ಬೇಕು. ಹಾಗಾದರೆ ರೈಲೇ ಯಾವಾಗಲೂ ಅಗ್ಗ ಅಂತೀರಾ? ತಡೀರಿ.

ನಮ್ಮ ಹಳೇ ಮಾದರಿಯ ಡೀಸೆಲ್ ಎಂಜಿನ್ ಒಂದರ ತೂಕವೇ 112 ಟನ್ ಮೇಲೆ. ಹಿಂದೆ ಐದು ಡಬ್ಬಿ, ಒಂದೊಂದು ಖಾಲಿ ಇದ್ದಾಗಲೇ 38 ಟನ್ ಅಂತ ಹಿಡೀರಿ. ಒಟ್ಟು ಸುಮಾರು 300 ಟನ್. ಅದರಲ್ಲಿ 500 ಜನ ಇದ್ದರೆ ತಲೆಗೆ 600 ಕಿಲೋ ಕಬ್ಬಿಣ ಎಳೆದ ಹಾಗೆ. 150 ಜನ ಇದ್ದರೆ ತಲೆಗೆ ಎರಡು ಟನ್! ಹಳಿ ಬಸ್ಸು 20 ಟನ್, 40 ಜನ ಕೂತರೆ ತಲೆಗೆ ಅರ್ಧ ಟನ್. ರಸ್ತೆ ಬಸ್ಸು ಹತ್ತು ಟನ್, 50 ಜನ ಕೂತರೆ ತಲೆಗೆ 200 ಕಿಲೋ.

ಈಗ ಎಳೆತಕ್ಕೆ ಗುಣಿಸಿ. ಅರೆಬರೆ ತುಂಬಿದ ದೊಡ್ಡ ರೈಲಿನಲ್ಲಿ ಒಬ್ಬನಿಗೆ ಐದು ಕಿಲೋ ಎಳೆತ. ರಸ್ತೆ ಬಸ್ಸಿನಲ್ಲಿ ಎರಡು ಕಿಲೋ. ಹಳಿ ಬಸ್ಸಿನಲ್ಲಿ ಒಂದೂಕಾಲು ಕಿಲೋ. ಅಂದರೆ ದೊಡ್ಡ ರೈಲು ಖಾಲಿ ಓಡಿದರೆ ಬಸ್ಸಿಗಿಂತ ದುಬಾರಿ. ಪೂರ್ತಿ ತುಂಬಿದರೆ ಒಂದೂವರೆ ಕಿಲೋಗೆ ಇಳಿದು ಬಸ್ಸಿಗಿಂತ ಅಗ್ಗ. ಸಣ್ಣ ಊರುಗಳ ನಡುವೆ ದೊಡ್ಡ ಗಾಡಿ ಓಡಿಸಿ ನಷ್ಟ ನಷ್ಟ ಅಂತ ಅಳೋದು ಇದಕ್ಕೇ. ನಷ್ಟ ಆಗೋದು ಹಳಿಯಿಂದಲ್ಲ, ಬಂಡಿಯ ಅಳತೆ ತಪ್ಪಿದ್ದರಿಂದ.

ನಿಲ್ಲೋ ಲೆಕ್ಕ ಇನ್ನೂ ಮುಖ್ಯ. ಭಾರದ ಗಾಡಿ ಒಂದು ಸಲ ನಿಂತು ಮತ್ತೆ ವೇಗಕ್ಕೆ ಬರೋಕೆ ತುಂಬ ಎಣ್ಣೆ ಕುಡಿಯುತ್ತೆ, ಹೊತ್ತೂ ಹಿಡಿಯುತ್ತೆ. ಅದಕ್ಕೇ ದೊಡ್ಡ ಗಾಡಿಗಳಿಗೆ ಸಣ್ಣ ಸ್ಟೇಷನ್ ಕಂಡರೆ ಆಗಲ್ಲ. 20 ಟನ್ನಿನ ಬಂಡಿ ಆರೇಳು ಕಿಲೋಮೀಟರ್‌ಗೊಮ್ಮೆ ನಿಂತರೂ ಅದಕ್ಕೆ ಭಾರ ಅನ್ನಿಸಲ್ಲ. ನಾವಾದರೂ ಎರಡು ಮೂಟೆ ಈರುಳ್ಳಿ ಸಾಗಿಸೋಕೆ ಹತ್ತು ಗಾಲಿ ಲಾರಿ ತರ್ತೀವಾ?

ನಮ್ಮ ಬೇಸಾಯಕ್ಕೂ ಇದಕ್ಕೂ ಏನು ಸಂಬಂಧ?

2020ರ ಆಗಸ್ಟ್ 7ರಂದು ಮಹಾರಾಷ್ಟ್ರದ ದೇವಳಾಲಿಯಿಂದ ಬಿಹಾರದ ದಾನಾಪುರಕ್ಕೆ ಮೊದಲ ಕಿಸಾನ್ ರೈಲು ಹೋಯಿತು. ಹಣ್ಣು, ತರಕಾರಿ ಸಾಗಣೆಗೆ ಅರ್ಧ ದರದ ರಿಯಾಯಿತಿಯನ್ನೂ ಕೊಟ್ಟರು. ಒಳ್ಳೆ ಯೋಚನೆ. ಆದರೆ ಅದು ಡಬ್ಬಿಗಟ್ಟಲೆ ಮಾಲು ಇರುವವರಿಗೆ, ಸಾವಿರ ಕಿಲೋಮೀಟರ್ ದೂರದ ಮಾರ್ಕೆಟ್ಟಿಗೆ. ಎರಡೆಕರೆಯವನ ಮಾರ್ಕೆಟ್ ಇಪ್ಪತ್ತು ಮೂವತ್ತು ಕಿಲೋಮೀಟರ್ ಒಳಗೇ ಇರುತ್ತೆ. ಅಜ್ಜಂಪುರದ ಈರುಳ್ಳಿ, ಕಡೂರು ಕಡೆಯ ತೆಂಗು ತರಕಾರಿ, ತರೀಕೆರೆ ಕಡೆಯ ಅಡಿಕೆ ಬಾಳೆ, ಇವುಗಳ ಸಣ್ಣ ಸಣ್ಣ ಪಾಲು ಬೀರೂರಿಗೋ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋದರೆ ಸಾಕು. ಹನಿ ಹನಿ ಗೂಡಿದರೇ ಹಳ್ಳ.

ಸೆಕೆಂಡ್ ಕ್ಲಾಸ್ ಟಿಕೆಟ್ಟಿಗೆ 35 ಕಿಲೋ ಸಾಮಾನು ಉಚಿತವಾಗಿ ಒಯ್ಯಬಹುದು ಅನ್ನೋದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಎರಡು ಬುಟ್ಟಿ ಹೂವಿಗೆ, ಒಂದು ಕ್ರೇಟು ಟೊಮೆಟೊಗೆ ಅದು ಧಾರಾಳ ಆಯ್ತು. ಮುಂಬೈ ಲೋಕಲ್ ರೈಲಿನಲ್ಲಿ ಬುಟ್ಟಿ, ಮೂಟೆಯವರಿಗೇ ಅಂತ ಬೇರೆ ಡಬ್ಬಿ ಇದೆ. ಕೋಟಿಗಟ್ಟಲೆ ಜನರ ಊರಲ್ಲಿ ಬುಟ್ಟಿಗೆ ಜಾಗ ಸಿಗುತ್ತೆ, ನಮ್ಮ ಹಳ್ಳೀಲಿ ಸಿಗಲ್ಲ.

ಆದರೆ ಮಾಲಿಗಿಂತ ದೊಡ್ಡ ಮಾತು ಜನರದ್ದು. ನಮ್ಮ ಮನೆ ಕಥೆಯನ್ನೇ ಹೇಳ್ತೀನಿ. ಮೂರೂವರೆ ಎಕರೆ ಜಮೀನು. ಅದರಲ್ಲಿ ಒಂದು ಕುಟುಂಬ ವರ್ಷವಿಡೀ ನೆಮ್ಮದಿಯಾಗಿ ಉಣ್ಣೋಕಾಗಲ್ಲ, ಮನೇಲಿ ಒಬ್ಬರಾದರೂ ತಿಂಗಳ ಸಂಬಳ ತರಬೇಕು. ಮಗನಿಗೆ ಭದ್ರಾವತಿ ಕಡೆ ಕೆಲಸ ಸಿಕ್ಕಿತ್ತು. ಬಸ್ಸು ಬದಲಾಯಿಸ್ಕೊಂಡು ಹೋಗಿ ಬರೋದರಲ್ಲಿ ದಿನಕ್ಕೆ ನಾಲ್ಕು ಗಂಟೆ. ಆರು ತಿಂಗಳು ನೋಡಿದ. ಆಮೇಲೆ "ಇಷ್ಟು ಒದ್ದಾಡೋ ಬದಲು ಬೆಂಗಳೂರೇ ವಾಸಿ" ಅಂತ ಹೊರಟ. ಈಗ ಹಬ್ಬಕ್ಕೆ ಬರ್ತಾನೆ. ಅಡಿಕೆ ಕೊಯ್ಲಿಗೆ ಆಳು ಸಿಕ್ಕಿದರೆ ಉಂಟು, ಇಲ್ಲದಿದ್ದರೆ ಚೇಣಿಗೆ ಕೊಡಬೇಕು. ಅವನು ಮುಂಜಾನೆ ಒಂದು ಗಂಟೆ, ಸಂಜೆ ಒಂದು ಗಂಟೆ ತೋಟದಲ್ಲಿದ್ದಿದ್ದರೆ, ಭಾನುವಾರ ಒಂದು ದಿನ ಸಿಕ್ಕಿದ್ದರೆ, ಈ ತೋಟದ ಹಣೆಬರಹವೇ ಬೇರೆ ಇರ್ತಿತ್ತು.

ಆಳಿನ ಸಮಸ್ಯೆ ಆಳಿನ ಸಮಸ್ಯೆ ಅಂತ ನಾವು ಪ್ರತಿ ಸಭೇಲೂ ಹಾಡ್ತೀವಿ. ಅದರಲ್ಲಿ ಅರ್ಧ ಸಮಸ್ಯೆ ನಮ್ಮ ಮನೆ ಮಕ್ಕಳೇ ಊರಲ್ಲಿ ಇಲ್ಲದ್ದು. ಊರಲ್ಲಿದ್ದು ಪೇಟೆಗೆ ಹೋಗಿ ಬರೋ ಹಾಗಿದ್ದರೆ ಎಷ್ಟು ಮನೆಗಳ ಬಾಗಿಲು ತೆರೆದಿರ್ತಿದ್ದವು, ಎಣಿಸಿ ನೋಡಿ. ಸಣ್ಣ ರೈಲು ಸಣ್ಣ ಹಿಡುವಳಿಯನ್ನು ಉಳಿಸಬಲ್ಲದು ಅಂತ ನಾನು ನಂಬಿರೋದು ಈ ಕಾರಣಕ್ಕೆ.

ಆಕ್ಷೇಪಗಳನ್ನೂ ಕೇಳೋಣ

ಈ ಮಾತು ನಾನು ಹೇಳಿದಾಗೆಲ್ಲ ನಾಲ್ಕು ಪ್ರಶ್ನೆ ಬರ್ತವೆ. ನಾಲ್ಕೂ ನ್ಯಾಯವಾದವೇ.

ಮೊದಲನೇದು, ಡೀಸೆಲ್ ಕಾಲ ಮುಗೀತಲ್ಲ ಅನ್ನೋದು. ಹೌದು. ಬೆಂಗಳೂರು–ಹುಬ್ಬಳ್ಳಿ ಹಳಿಗೆ ಕರೆಂಟ್ ತಂತಿ ಬಂದು, 2023ರ ಜೂನ್ 27ರಿಂದ ಧಾರವಾಡದ ವಂದೇ ಭಾರತ್ ನಮ್ಮ ಹೊಲದ ಪಕ್ಕದಲ್ಲೇ ಹಾದು ಹೋಗ್ತಿದೆ. ತಂತಿ ಇರೋ ಕಡೆ ಕರೆಂಟಿನದ್ದೇ ಓಡಲಿ, ನನ್ನದೇನೂ ಹಟ ಇಲ್ಲ. ಬೆಂಗಳೂರಿನ ಸುತ್ತ ಎಂಟು ಡಬ್ಬಿಯ ಮೆಮು ಓಡುತ್ತೆ. ನಮಗೆ ಎಂಟು ಬೇಡ, ಎರಡು ಮೂರು ಡಬ್ಬಿಯದ್ದು ಕೊಡಿ. ಡೀಸೆಲ್ ಹಳಿ ಬಸ್ಸಿನ ಗುಣ ಏನಂದರೆ ತಂತಿ ಬೇಡ, ಸಬ್‌ಸ್ಟೇಷನ್ ಬೇಡ, ರಿಪೇರಿಗೆ ಲಾರಿ ಮೆಕ್ಯಾನಿಕ್ ಕೈಗೆ ಸಿಗುವ ಎಂಜಿನ್. ಮುಖ್ಯ ಇರೋದು ಹಗುರ, ಆಗಾಗ್ಗೆ, ಎಲ್ಲ ಕಡೆ ನಿಲ್ಲೋದು, ಈ ಮೂರು. ಹೊಟ್ಟೇಲಿ ಡೀಸೆಲ್ ಇದೆಯೋ ಕರೆಂಟ್ ಇದೆಯೋ ಅನ್ನೋದು ಆಮೇಲಿನ ಮಾತು.

ಎರಡನೇದು, ಹಳಿ ಮೇಲೆ ಜಾಗ ಎಲ್ಲಿದೆ ಅನ್ನೋದು. ಇದು ಗಟ್ಟಿ ಆಕ್ಷೇಪ. ರೈಲಿನ ನಿಯಮದ ಪ್ರಕಾರ ಒಂದು ಸೆಕ್ಷನ್‌ನಲ್ಲಿ ಒಂದು ಗಾಡಿ ಇದ್ದರೆ ಹಿಂದಿನದು ಕಾಯಬೇಕು. 20 ಟನ್ನಿನ ಬಂಡಿಯೂ ಮೂರು ಸಾವಿರ ಟನ್ನಿನ ಗೂಡ್ಸೂ ಹಿಡಿಯೋ ಜಾಗ ಒಂದೇ. ಬೀರೂರು–ತರೀಕೆರೆ–ಶಿವಮೊಗ್ಗದಲ್ಲಿ ಒಂಟಿ ಹಳಿ, ಎದುರು ಬರೋ ಗಾಡಿಗೆ ಸ್ಟೇಷನ್‌ನಲ್ಲೇ ಕಾಯಬೇಕು. ಲೆವೆಲ್ ಕ್ರಾಸಿಂಗಿನಲ್ಲಿ ಟ್ರ್ಯಾಕ್ಟರ್ ನಿಲ್ಲಿಸ್ಕೊಂಡು ಕಾಯೋದೂ ಹೆಚ್ಚಾಗುತ್ತೆ, ಅದನ್ನೂ ಒಪ್ಪಿಕೊಳ್ಳಬೇಕು. ಹಾಗಾಗಿ ದಿನವಿಡೀ ಬೇಡ. ಬೆಳಗ್ಗೆ ಆರರಿಂದ ಒಂಬತ್ತರೊಳಗೆ, ಸಂಜೆ ನಾಲ್ಕರಿಂದ ಏಳರೊಳಗೆ ಕೊಟ್ಟರೆ ಮುಕ್ಕಾಲು ಕೆಲಸ ಆಯ್ತು. ಮೊದಲು ಶುರು ಮಾಡೋಕೆ ಕಡೂರು–ಚಿಕ್ಕಮಗಳೂರು ಹಳಿ ಇದೆಯಲ್ಲ, ಅಲ್ಲಿ ಓಡೋ ಗಾಡಿಗಳೇ ಕೆಲವು.

ಮೂರನೇದು, ಹೆಣ್ಣುಮಕ್ಕಳು ರೈಲಿಗೆ ಯಾಕೆ ಬರ್ತಾರೆ ಅನ್ನೋದು. 2023ರ ಜೂನ್ 11ರಿಂದ ಸರ್ಕಾರಿ ಬಸ್ಸಲ್ಲಿ ಅವರಿಗೆ ಟಿಕೆಟ್ ಇಲ್ಲ. ಫ್ರೀ ಬಿಟ್ಟು ಹತ್ತು ರೂಪಾಯಿ ಕೊಟ್ಟು ಯಾರು ಹೋಗ್ತಾರೆ? ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಆದರೆ ಮಲೆನಾಡಿನ ಎಷ್ಟೋ ದಾರೀಲಿ ಓಡೋದು ಖಾಸಗಿ ಬಸ್ಸು, ಅಲ್ಲಿ ಫ್ರೀ ಇಲ್ಲ. ಬುಟ್ಟಿ ಮೂಟೆ ಇದ್ದರೆ ಸರ್ಕಾರಿ ಬಸ್ಸಲ್ಲೂ ಫ್ರೀ ಅರ್ಧ ಆಗುತ್ತೆ. ಫ್ರೀ ಬಂದ ಮೇಲೆ ಬಸ್ಸಿನ ಜನ ಹೆಚ್ಚಿದ್ದಾರೆ. ಸ್ವಲ್ಪ ಜನ ಹಳಿಗೆ ಸರಿದರೆ ಬಸ್ಸಿಗೂ ಉಸಿರಾಡೋಕೆ ಜಾಗ ಸಿಗುತ್ತೆ. ನಮ್ಮ ಪಕ್ಕದ ಹೊಲದಾಕೆಯನ್ನೇ ಕೇಳಿದೆ. "ಬುಟ್ಟಿ ಹತ್ತಿಸೋಕೆ ಬಿಟ್ಟರೆ ಇಪ್ಪತ್ತು ರೂಪಾಯಿ ಕೊಡ್ತೀನಪ್ಪ" ಅಂದರು.

ನಾಲ್ಕನೇದು, ಒಂದೇ ಬಂಡಿ ಇಟ್ಕೊಂಡರೆ ಅದು ಕೆಟ್ಟ ದಿನ ಏನು ಗತಿ? ನಿಜ. ಒಂದು ಬಂಡಿಯಿಂದ ಸರ್ವಿಸ್ ನಡೆಯಲ್ಲ. ಓಡೋಕೆ ಎರಡಿದ್ದರೆ ಬದಲಿಗೆ ಒಂದು ಇರಲೇಬೇಕು. ವಾರಕ್ಕೆರಡು ದಿನ ತಪ್ಪೋ ಗಾಡಿಯನ್ನು ನಂಬಿ ಯಾರೂ ಕೆಲಸಕ್ಕೆ ಸೇರಲ್ಲ, ಯಾರೂ ಹೂವಿನ ಗಿಡ ನೆಡಲ್ಲ. ನಂಬಿಕೆ ಹೋದ ಮೇಲೆ ಜನ ಇಲ್ಲ ಅಂತ ಲೆಕ್ಕ ತೋರಿಸಿ ಮುಚ್ಚೋದು ಸುಲಭ. ಇನ್ನೊಂದು ಎಚ್ಚರವೂ ಬೇಕು: ಹಗುರ ಬಂಡಿಗೆ ದನ ಅಡ್ಡ ಬಂದರೆ ದೊಡ್ಡ ಎಂಜಿನ್‌ಗಿಂತ ಅಪಾಯ ಜಾಸ್ತಿ. ಮುಂದೆ ಗಟ್ಟಿ ಕಾವಲು ಇರಬೇಕು, ನಾವೂ ಹಳಿ ಪಕ್ಕ ದನ ಬಿಡೋ ಅಭ್ಯಾಸ ನಿಲ್ಲಿಸಬೇಕು.

ಕೇಳೋದು ಏನನ್ನ, ಯಾರನ್ನ?

2020ರ ಮಾರ್ಚ್‌ನಲ್ಲಿ ಕೊರೋನಾಕ್ಕೆ ನಿಂತ ಪ್ಯಾಸೆಂಜರ್ ಗಾಡಿಗಳು ಮತ್ತೆ ಬಂದಾಗ ಎಕ್ಸ್‌ಪ್ರೆಸ್ ಅನ್ನೋ ಹೆಸರು ಹೊತ್ಕೊಂಡು ಬಂದವು. ಹತ್ತು ರೂಪಾಯಿಯ ಕನಿಷ್ಠ ಟಿಕೆಟ್ ಮೂವತ್ತಾಯ್ತು. ಅದು ಮತ್ತೆ ಹತ್ತಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಆ ನಾಲ್ಕು ವರ್ಷದಲ್ಲಿ ಎಷ್ಟೋ ಜನರಿಗೆ ರೈಲಿನ ರೂಢಿಯೇ ತಪ್ಪಿಹೋಯ್ತು. ಮೂರು ಪಟ್ಟು ಕೊಟ್ಟರೂ ನಾವು ಗಟ್ಟಿಯಾಗಿ ಒಂದು ಮಾತು ಕೇಳಲಿಲ್ಲ.

ಕೇಳದೇ ಇರೋಕೆ ಒಂದು ಕಾರಣ ಇದೆ. ಕಡೂರು ಹಾಸನ ಲೋಕಸಭಾ ಕ್ಷೇತ್ರಕ್ಕೆ ಸೇರುತ್ತೆ. ತರೀಕೆರೆ, ಅಜ್ಜಂಪುರ, ಚಿಕ್ಕಮಗಳೂರು ಉಡುಪಿ–ಚಿಕ್ಕಮಗಳೂರಿಗೆ. ಭದ್ರಾವತಿ ಶಿವಮೊಗ್ಗಕ್ಕೆ. ಅಜ್ಜಂಪುರ ದಾಟಿ ಆ ಕಡೆ ಹೋದರೆ ಚಿತ್ರದುರ್ಗ. ನೂರು ಕಿಲೋಮೀಟರ್ ಒಳಗೆ ನಾಲ್ಕು ಎಂಪಿ. ನಾಲ್ಕು ಜನರ ಹಸು ಯಾರ ಕೊಟ್ಟಿಗೆಯಲ್ಲೂ ಹುಲ್ಲು ತಿನ್ನಲ್ಲ. ಪ್ರತಿಯೊಬ್ಬರೂ ಬೆಂಗಳೂರಿಗೆ, ತಿರುಪತಿಗೆ ಗಾಡಿ ಕೇಳ್ತಾರೆ. ಬೀರೂರಿಗೆ ಗಾಡಿ ಕೇಳೋರು ಯಾರೂ ಇಲ್ಲ.

ನನ್ನ ಸಲಹೆ ಹೀಗಿದೆ. ಒಂದು, ಬೆಳಗ್ಗೆ ಸಂಜೆ ಚಿಕ್ಕಮಗಳೂರು–ಕಡೂರು–ಬೀರೂರು–ತರೀಕೆರೆ–ಶಿವಮೊಗ್ಗ ಒಂದು ಸಣ್ಣ ಗಾಡಿ. ಎರಡು, ಅದಕ್ಕೆ ಬೀರೂರಲ್ಲಿ ಕಾಲು ಗಂಟೆಯೊಳಗೆ ಕೂಡಿಕೆ ಆಗೋ ಹಾಗೆ ಅಜ್ಜಂಪುರ–ಚಿಕ್ಕಜಾಜೂರು ಕಡೆಗೆ ಇನ್ನೊಂದು. ಮೂರು, ಡಬ್ಬಿಯ ಮೂರನೇ ಒಂದು ಪಾಲು ಸೀಟಿಲ್ಲದೆ ಖಾಲಿ ಬಿಟ್ಟು ಬುಟ್ಟಿ, ಕ್ರೇಟು, ಹಾಲಿನ ಕ್ಯಾನಿಗೆ ಜಾಗ. ನಾಲ್ಕು, ಟಿಕೆಟ್ ಬಂಡಿಯೊಳಗೇ ಸಿಗಬೇಕು. ಸಣ್ಣ ಸ್ಟೇಷನ್‌ನಲ್ಲಿ ಕೌಂಟರ್ ಇಲ್ಲ ಅಂತ ನಿಲ್ಲಿಸದೇ ಹೋಗಬಾರದು. ಐದು, ವರ್ಷ ಕಾಲ ತಪ್ಪದೆ ಓಡಿಸಿ ಆಮೇಲೆ ಲಾಭ ನಷ್ಟ ನೋಡಿ. ಅಡಿಕೆ ಸಸಿ ನೆಟ್ಟ ವರ್ಷವೇ ಗೊನೆ ಕೇಳೋ ರೈತ ಯಾರಿದ್ದಾನೆ?

ಕೇಳೋದು ಬಾಯಿ ಮಾತಲ್ಲಿ ಆಗಬಾರದು. ನಮ್ಮ ಊರಿನ ನಾಲ್ಕು ಜನ ಸೇರಿ ಕಳೆದ ತಿಂಗಳು ಒಂದು ಕೆಲಸ ಶುರು ಮಾಡಿದ್ದೀವಿ. ಬಸ್‌ಸ್ಟಾಪಿನಲ್ಲಿ ಒಂದು ನೋಟ್‌ಬುಕ್ ಇಟ್ಕೊಂಡು ಬೆಳಗ್ಗೆ ಆರರಿಂದ ಒಂಬತ್ತರವರೆಗೆ ಯಾರು ಎಲ್ಲಿಗೆ ಹೋದರು, ಕೈಯಲ್ಲಿ ಏನಿತ್ತು, ಎಷ್ಟು ಜನ ಬಸ್ಸು ಹತ್ತೋಕಾಗದೆ ಉಳಿದರು ಅಂತ ಬರೆದಿಡೋದು. ಹೆಸರು ಬೇಡ, ತಲೆ ಲೆಕ್ಕ ಸಾಕು. ಒಂದು ವಾರ ಬರೆದರೆ ಚಿತ್ರ ಕಣ್ಣಿಗೆ ಕಟ್ಟುತ್ತೆ. ಹಳಿ ಪಕ್ಕದ ಇಪ್ಪತ್ತು ಊರಿನವರು ಹೀಗೆ ಬರೆದು, ಪಂಚಾಯ್ತಿ ಠರಾವಿನ ಜೊತೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗಕ್ಕೂ ನಾಲ್ಕೂ ಎಂಪಿಗಳಿಗೂ ಒಂದೇ ದಿನ ಕಳಿಸಿದರೆ ಅದರ ತೂಕವೇ ಬೇರೆ. ಮನವಿಪತ್ರ ಕಸದ ಬುಟ್ಟಿ ಸೇರಬಹುದು, ಲೆಕ್ಕ ಅಷ್ಟು ಸುಲಭಕ್ಕೆ ಸೇರಲ್ಲ.

ಅಂತರಘಟ್ಟೆ ಜಾತ್ರೆಗೆ ಈಗಲೂ ಎತ್ತಿನ ಗಾಡಿ ಕಟ್ಟಿಕೊಂಡು ಹೋಗೋ ಸೀಮೆ ನಮ್ಮದು. ಗಾಡಿ ಕಟ್ಟೋವಾಗ ಯಾರೂ ನಮಗೆ ಅಳತೆ ಹೇಳಿ ಕೊಡಲ್ಲ; ದಾರಿ ನೋಡ್ತೀವಿ, ಹೇರು ನೋಡ್ತೀವಿ, ಅದಕ್ಕೆ ತಕ್ಕ ಗಾಡಿ ಹೂಡ್ತೀವಿ. ರೈಲಿಗೂ ಅದೇ ಬುದ್ಧಿ ಸಾಕು.

ಪಕ್ಕದ ಹೊಲದಾಕೆಯ ಜೋಳ ಈ ಸಲ ಚೆನ್ನಾಗಿದೆ. ಆದರೂ ಬದುವಿನ ಮೇಲೆ ಒಂದು ಸಾಲು ಸೇವಂತಿಗೆ ಉಳಿಸ್ಕೊಂಡಿದ್ದಾರೆ. ತಳಿ ಹೋಗಬಾರದು ಅಂತಂತೆ. ರೈಲು ಬಂದರೆ ಮತ್ತೆ ಹಾಕ್ತೀರಾ ಅಂತ ಕೇಳಿದೆ. ಹಳಿ ಕಡೆ ನೋಡಿ ನಕ್ಕರು.

ನಿಮ್ಮ ಊರಿನ ಪಕ್ಕದಲ್ಲೂ ಹಳಿ ಇದ್ದರೆ ನಿಮ್ಮ ಅನುಭವ ಬರೆಯಿರಿ. ನಿಮ್ಮ ನೋಟ್‌ಬುಕ್ಕಿನ ಲೆಕ್ಕವನ್ನೂ ಕಳಿಸಿ. ನಾನು ಹೇಳಿದ್ದರಲ್ಲಿ ತಪ್ಪಿದ್ದರೆ ತಿದ್ದಿ.